ಆನ್‌ಲೈನ್ ಅರ್ಜಿ: ಕಾಲಂ ಕಾಯುವವರು ಯಾರು?

ಆದಾಯ ತೆರಿಗೆ ಇಲಾಖೆಯ ಇ-ಫೈಲಿಂಗ್ ತಾಣದಲ್ಲಿದ್ದ ಗಂಭೀರ ಭದ್ರತಾ ಲೋಪವೊಂದು 2025ರ ಅಕ್ಟೋಬರ್‌ನಲ್ಲಿ ಬೆಳಕಿಗೆ ಬಂದಿತು. ಅದಕ್ಕೂ ಮುನ್ನ ಸೆಪ್ಟೆಂಬರ್‌ನಲ್ಲಿ ಇಬ್ಬರು ಭದ್ರತಾ ಸಂಶೋಧಕರು ಇದನ್ನು ಪತ್ತೆ ಹಚ್ಚಿದ್ದರು. ತನ್ನ ಪ್ಯಾನ್ ಸಂಖ್ಯೆ ಬಳಸಿ ತಾಣವನ್ನು ಪ್ರವೇಶಿಸಿದ ಯಾವುದೇ ವ್ಯಕ್ತಿ, ಬ್ರೌಸರ್‌ನಿಂದ ಸರ್ವರ್‌ಗೆ ಹೋಗುವ ಕೋರಿಕೆಯಲ್ಲಿ ಆ ಸಂಖ್ಯೆಯನ್ನು ತೆಗೆದು ಬೇರೊಬ್ಬರ ಪ್ಯಾನ್ ಇಟ್ಟರೆ ಸಾಕಿತ್ತು. ಆ ಬೇರೊಬ್ಬರ ಹೆಸರು, ಮನೆ ವಿಳಾಸ, ಜನ್ಮದಿನಾಂಕ, ದೂರವಾಣಿ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ, ಆಧಾರ್ ಸಂಖ್ಯೆ ಎಲ್ಲವೂ ತೆರೆಯ ಮೇಲೆ ಮೂಡುತ್ತಿದ್ದವು. ಅಕ್ಟೋಬರ್ 2ರಂದು ಲೋಪ ಸರಿಪಡಿಸಲಾಗಿದೆ ಎಂಬುದು ಖಚಿತವಾದ ಬಳಿಕ ಟೆಕ್‌ಕ್ರಂಚ್ ತಾಣ ಇದನ್ನು ವರದಿ ಮಾಡಿತು.

ಇದಕ್ಕೆ ರಹಸ್ಯ ಸಂಕೇತಗಳನ್ನು ಒಡೆಯುವ ವಿದ್ಯೆಯೇನೂ ಬೇಕಿರಲಿಲ್ಲ. ಕೋರಿಕೆಯನ್ನು ನೋಡಲು, ತಿದ್ದಲು ಬೇಕಾದ ಸಾಧನಗಳು ಪ್ರತಿಯೊಂದು ಬ್ರೌಸರ್‌ನೊಳಗೇ ಇವೆ. ತಾಣದ ಪುಟದಲ್ಲಿ ತೆರಿಗೆದಾರನ ಪ್ಯಾನ್ ತಿದ್ದಲು ಬಾರದ ರೀತಿಯಲ್ಲೇ ಕಾಣಿಸುತ್ತದೆ. ಕಣ್ಣಿಗೆ ತಿದ್ದಲಾಗದ್ದು ಸರ್ವರ್‌ಗೆ ಮಾತ್ರ ತಿದ್ದಲ್ಪಟ್ಟೇ ತಲುಪಬಹುದಾಗಿತ್ತು. ಬಂದ ಸಂಖ್ಯೆ ಪ್ರವೇಶ ಪಡೆದ ವ್ಯಕ್ತಿಯದೇ ಎಂದು ಆಚೆ ಬದಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

ತೆರಿಗೆ ತಾಣದ ಲೋಪ ಮುಚ್ಚಿಹೋದರೂ ಅದರ ಹಿಂದಿರುವ ತಪ್ಪು ತಿಳಿವಳಿಕೆ ಮಾತ್ರ ಎಲ್ಲ ಕಡೆಯೂ ಜೀವಂತವಾಗಿದೆ. ಬ್ಯಾಂಕ್, ವಿಮೆ, ವಿಶ್ವವಿದ್ಯಾಲಯ, ನೇಮಕಾತಿ, ಪಿಂಚಣಿ... ಇಂದು ಅರ್ಜಿ ಎಂದರೆ ಪರದೆಯ ಮೇಲಿನ ಕಾಲಂಗಳು. ಅವುಗಳಲ್ಲಿ ಎರಡು ಬಗೆಯವು ಎಲ್ಲರಿಗೂ ಪರಿಚಿತ. ಒಂದು, ಪಕ್ಕದಲ್ಲಿ ಕೆಂಪು ನಕ್ಷತ್ರ ಹೊತ್ತ ಕಡ್ಡಾಯ ಕಾಲಂ. ಇನ್ನೊಂದು, ಬೂದು ಬಣ್ಣಕ್ಕೆ ತಿರುಗಿ ನೋಡಲು ಮಾತ್ರ ಸಿಗುವ ಕಾಲಂ. ಈ ಎರಡನ್ನೂ ಕಾಯಬೇಕಾದವರು ಯಾರು ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಕೊಡದ ತಂತ್ರಾಂಶಗಳು ಇಂದಿಗೂ ಧಾರಾಳವಾಗಿ ತಯಾರಾಗುತ್ತಿವೆ. ದೊಡ್ಡ ಸಂಸ್ಥೆಗಳ ಇಂತಹ ತಂತ್ರಾಂಶಗಳಲ್ಲಿ ಗಣನೀಯ ಪಾಲು, 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಬಿಡುಗಡೆ ಮಾಡಿದ ಜಾವಾ ಭಾಷೆಯಲ್ಲಿರುವುದರಿಂದಲೂ, ಆ ಭಾಷೆ ಬೆಂಗಳೂರಿನ ಅಸಂಖ್ಯ ಯುವಕ ಯುವತಿಯರ ಅನ್ನದ ದಾರಿಯಾಗಿರುವುದರಿಂದಲೂ ಈ ವಿಚಾರ ರಾಜ್ಯದ ಮಟ್ಟಿಗೆ ದೂರದ್ದೇನಲ್ಲ.

ಬೂದು ಬಣ್ಣದ ಭ್ರಮೆ

ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ತಿದ್ದುವಿಕೆಯನ್ನು ತಡೆಯಲು ಎರಡು ಗುಣಸೂಚಕ ಪದಗಳಿವೆ: ರೀಡ್‌ಓನ್ಲಿ ಮತ್ತು ಡಿಸೇಬಲ್ಡ್. ನೋಡಲು ಹೆಚ್ಚು ಕಡಿಮೆ ಒಂದೇ ತೆರನಾದ ಇವೆರಡರ ವರ್ತನೆ ಮಾತ್ರ ಬೇರೆ ಬೇರೆ. ರೀಡ್‌ಓನ್ಲಿ ಕಾಲಂನಲ್ಲಿರುವ ಮಾಹಿತಿ ಅರ್ಜಿಯೊಂದಿಗೆ ಸರ್ವರ್‌ಗೆ ಹೋಗುತ್ತದೆ. ಡಿಸೇಬಲ್ಡ್ ಕಾಲಂನ ಮಾಹಿತಿ ಹೋಗುವುದೇ ಇಲ್ಲ. ಇದನ್ನರಿಯದೆ ಬೂದು ಬಣ್ಣ ಚೆನ್ನಾಗಿ ಕಾಣುತ್ತದೆಂದು ಎರಡನೆಯದನ್ನು ಬಳಸಿದ ಪ್ರೋಗ್ರಾಮರ್‌ಗೆ ಸರ್ವರ್‌ನಲ್ಲಿ ಆ ಕಾಲಂ ಖಾಲಿಯಾಗಿ ಸಿಗುತ್ತದೆ. ಕೆಲವೊಮ್ಮೆ ಆ ಖಾಲಿಯೇ ದತ್ತಸಂಚಯದಲ್ಲಿದ್ದ ಸರಿಯಾದ ಮಾಹಿತಿಯ ಮೇಲೆ ಕುಳಿತುಬಿಡುತ್ತದೆ. ದೂರು ಬಂದಾಗ ಕಂಡುಕೊಳ್ಳುವ ಪರಿಹಾರ ಇನ್ನೂ ವಿಚಿತ್ರವಾದದ್ದು. ಅದೇ ಮಾಹಿತಿಯನ್ನು ಕಣ್ಣಿಗೆ ಕಾಣದ ಮತ್ತೊಂದು ಕಾಲಂನಲ್ಲಿಟ್ಟು ಕಳುಹಿಸಲಾಗುತ್ತದೆ! ರೋಗಕ್ಕಿಂತ ಮದ್ದೇ ಕೆಟ್ಟದು. ಕಾಣದ ಕಾಲಂ ಕೂಡ ಅರ್ಜಿದಾರನ ಬ್ರೌಸರ್‌ನಲ್ಲೇ, ಅಂದರೆ ಅವನ ಕೈಯಲ್ಲೇ ಇರುತ್ತದೆ.

ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಪಹಣಿಯ ಪ್ರತಿಯನ್ನು ಅರ್ಜಿದಾರನ ಕೈಗಿತ್ತು, ನಾಳೆ ಆತ ತಿರುಗಿ ತಂದುಕೊಟ್ಟ ಹಾಳೆಯನ್ನೇ ಮೂಲ ದಾಖಲೆಯೆಂದು ರಿಜಿಸ್ಟರಿಗೆ ಏರಿಸಿಕೊಂಡರೆ ಏನಾದೀತು? ತಿದ್ದಲಾಗದ ಕಾಲಂನಿಂದ ಮರಳಿ ಬಂದ ಮಾಹಿತಿಯನ್ನು ನಂಬುವ ತಂತ್ರಾಂಶ ಮಾಡುವುದೂ ಅದನ್ನೇ. ಮೂಲ ರಿಜಿಸ್ಟರು ಕಚೇರಿಯಲ್ಲೇ ಇದೆ. ಹಾಗಿದ್ದ ಮೇಲೆ ತಂದ ಹಾಳೆಯನ್ನು ನೋಡಬೇಕಾದ ಅಗತ್ಯವೇ ಇಲ್ಲ.

ಇದು ಹಳೆಯ ಪಾಠ. ಅಂತರಜಾಲ ವ್ಯಾಪಾರ ಕಣ್ಣು ಬಿಡುತ್ತಿದ್ದ ದಿನಗಳಲ್ಲಿ ಅನೇಕ ಶಾಪಿಂಗ್ ಕಾರ್ಟ್ ತಂತ್ರಾಂಶಗಳು ಸರಕಿನ ಬೆಲೆಯನ್ನೇ ಪುಟದ ಕಾಣದ ಕಾಲಂನಲ್ಲಿ ಇಟ್ಟಿದ್ದವು. ಗಿರಾಕಿ ಪುಟವನ್ನು ತನ್ನ ಕಂಪ್ಯೂಟರ್‌ನಲ್ಲಿ ಉಳಿಸಿಕೊಂಡು ಬೆಲೆ ತಿದ್ದಿ ಮರಳಿ ಕಳುಹಿಸಿದರೆ ತಾನಿಟ್ಟ ಬೆಲೆಗೇ ಖರೀದಿ ಮಾಡಬಹುದಿತ್ತು. ಅಮೆರಿಕದ ಐಎಸ್‌ಎಸ್ ಎಂಬ ಭದ್ರತಾ ಸಂಸ್ಥೆ 2000ದ ಫೆಬ್ರವರಿಯಲ್ಲೇ ಈ ಕುರಿತು ಬಹಿರಂಗ ಎಚ್ಚರಿಕೆ ನೀಡಿತ್ತು. ಬೆಲೆಯ ಜಾಗದಲ್ಲಿ ಪ್ಯಾನ್ ಸಂಖ್ಯೆ ಬಂದು ಕುಳಿತದ್ದಷ್ಟೇ ಈ ಕಾಲು ಶತಮಾನದ ಪ್ರಗತಿ ಎನ್ನಬೇಕೆ?

ಜಾವಾ ಜಗತ್ತಿನಲ್ಲಿ ಈ ತೊಂದರೆ ಸೌಕರ್ಯದ ವೇಷದಲ್ಲಿ ಬರುತ್ತದೆ. ಹಿಂದೆ ಪ್ರೋಗ್ರಾಮರ್ ಅರ್ಜಿಯ ಒಂದೊಂದೇ ಕಾಲಂ ಹೆಸರು ಹಿಡಿದು ಕೇಳಿ ಪಡೆಯಬೇಕಿತ್ತು. ಸ್ಪ್ರಿಂಗ್, ಸ್ಟ್ರಟ್ಸ್‌ನಂತಹ ಚೌಕಟ್ಟುಗಳು ಬಂದ ಮೇಲೆ ಕೋರಿಕೆಯಲ್ಲಿರುವ ಹೆಸರುಗಳನ್ನು ತಾವಾಗಿಯೇ ಹೊಂದಿಸಿ ತುಂಬಿಕೊಡುತ್ತವೆ. ಪುಟದಲ್ಲಿ ಇಲ್ಲದ ಕಾಲಂ ಕೂಡ, ಹೆಸರು ಹೊಂದಿದರೆ ತುಂಬಿಬಿಡುತ್ತದೆ. ಅರ್ಜಿಯಲ್ಲಿ ಮೊಬೈಲ್ ಸಂಖ್ಯೆಯನ್ನಷ್ಟೇ ಬದಲಿಸಲು ಅವಕಾಶ ಕೊಟ್ಟಿದ್ದರೂ, ಕೋರಿಕೆಗೆ 'ಮಂಜೂರಾದ ಮೊತ್ತ' ಎಂಬ ಹೆಸರನ್ನು ಕೈಯಾರೆ ಸೇರಿಸಿ ಕಳುಹಿಸಿದರೆ ಅದೂ ಒಳಗೆ ಹೋಗಬಹುದು. ಯಾವ ಕಾಲಂಗಳಿಗೆ ಪ್ರವೇಶವಿದೆ ಎಂದು ಪಟ್ಟಿ ಮಾಡುವ ಸೌಲಭ್ಯ ಸ್ಪ್ರಿಂಗ್‌ನಲ್ಲಿ ಹಿಂದಿನಿಂದಲೂ ಇದೆ. ಪಟ್ಟಿ ಮಾಡುವ ವ್ಯವಧಾನ ಮಾತ್ರ ಎಲ್ಲರಿಗೂ ಇಲ್ಲ.

ಈ ಹೊಂದಿಸಿ ತುಂಬುವ ಯಂತ್ರ ಎಷ್ಟು ದೂರ ಹೋಗಬಲ್ಲದು ಎಂಬುದನ್ನು 2022ರ ಮಾರ್ಚ್ 31ರಂದು ಪ್ರಕಟವಾದ 'ಸ್ಪ್ರಿಂಗ್‌ಫೋರ್‌ಶೆಲ್' ಲೋಪ ತೋರಿಸಿಕೊಟ್ಟಿತು. 2010ರಲ್ಲೇ ಇಂತಹದೊಂದು ದಾರಿಯನ್ನು ಮುಚ್ಚಲಾಗಿತ್ತು. ಆದರೆ 2017ರಲ್ಲಿ ಬಂದ ಜಾವಾ 9ನೇ ಆವೃತ್ತಿ ಹೊಸದೊಂದು ಗುಣವನ್ನು ಸೇರಿಸಿದ್ದರಿಂದ ಸುತ್ತುಬಳಸಿ ಅದೇ ಬಾಗಿಲಿಗೆ ಬರುವ ಮತ್ತೊಂದು ದಾರಿ ತೆರೆದುಕೊಂಡಿತ್ತು. ಕೆಲವು ಬಗೆಯ ಅಳವಡಿಕೆಗಳಲ್ಲಿ ಕಾಲಂನ ಹೆಸರನ್ನೇ ಜಾಣತನದಿಂದ ಬರೆದು ಸರ್ವರ್‌ನ ಒಳಗಿನ ಸೆಟ್ಟಿಂಗ್‌ಗಳನ್ನು ಬದಲಿಸಿ, ಕೊನೆಗೆ ಸರ್ವರನ್ನೇ ವಶಪಡಿಸಿಕೊಳ್ಳಬಹುದಾಗಿತ್ತು. ಮುಂದಿನ ತಿಂಗಳೇ ಇನ್ನೊಂದು ತಿದ್ದುಪಡಿ ಬಂದಿತು. ನಿಷೇಧಿತ ಕಾಲಂಗಳ ಪಟ್ಟಿಯಲ್ಲಿ ಸಣ್ಣಕ್ಷರ, ದೊಡ್ಡಕ್ಷರಗಳ ವ್ಯತ್ಯಾಸವನ್ನು ಲೆಕ್ಕಿಸಲಾಗುತ್ತಿತ್ತು. ಮೊದಲ ಅಕ್ಷರ ಬದಲಿಸಿದರೆ ನಿಷೇಧ ತಪ್ಪಿಸಿಕೊಳ್ಳಬಹುದಿತ್ತು. ಬೇಡದ್ದನ್ನು ಹೆಸರಿಸಿ ತಡೆಯುವುದಕ್ಕಿಂತ ಬೇಕಾದ್ದನ್ನು ಮಾತ್ರ ಹೆಸರಿಸಿ ಬಿಡುವುದು ಕ್ಷೇಮ ಎಂದು ಬಲ್ಲವರು ಹೇಳುತ್ತಾ ಬಂದಿರುವುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ನಕ್ಷತ್ರದ ಮಹಿಮೆ

ಕಡ್ಡಾಯ ಕಾಲಂನ ಕಥೆ ಇನ್ನೂ ಸ್ವಾರಸ್ಯಕರ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5ನೇ ಆವೃತ್ತಿಯಲ್ಲಿ 'ರಿಕ್ವಯರ್ಡ್' ಎಂಬ ಪದ ಸೇರಿಸಿದರೆ ಸಾಕು, ಖಾಲಿ ಕಾಲಂ ಇರುವ ಅರ್ಜಿಯನ್ನು ಬ್ರೌಸರೇ ತಡೆಯುತ್ತದೆ. ಆದರೆ ಒಂದೇ ಒಂದು ಸ್ಪೇಸ್ ಒತ್ತಿದರೂ ಬ್ರೌಸರ್ ಪಾಲಿಗೆ ಅದು ಭರ್ತಿಯಾದ ಕಾಲಂ. ಇನ್ನು ಬ್ರೌಸರನ್ನೇ ಬಳಸದೆ ಕೋರಿಕೆ ಕಳುಹಿಸುವವನಿಗೆ ನಕ್ಷತ್ರ, ರಾಹು, ಕೇತು ಯಾವುದರ ಭಯವೂ ಇಲ್ಲ.

ಈ ಎರಡು ನಿಯಮಗಳು ಒಂದೇ ಕಾಲಂನಲ್ಲಿ ಸಂಧಿಸಿದಾಗ ಆಗುವ ಅನಾಹುತ ಹಲವರ ಗಮನಕ್ಕೇ ಬಂದಿಲ್ಲ. ಜನ್ಮದಿನಾಂಕದ ಕಾಲಂ ಇದಕ್ಕೆ ಉತ್ತಮ ನಿದರ್ಶನ. ಅರ್ಜಿದಾರರು ಮನಬಂದಂತೆ ದಿನಾಂಕ ಟೈಪ್ ಮಾಡಬಾರದು, ಪಕ್ಕದ ಕ್ಯಾಲೆಂಡರ್‌ನಿಂದಲೇ ಆರಿಸಬೇಕು ಎಂಬ ಉದ್ದೇಶದಿಂದ ಆ ಕಾಲಂ ಅನ್ನು ರೀಡ್‌ಓನ್ಲಿ ಮಾಡುವುದು ವಾಡಿಕೆ. ದಿನಾಂಕ ಬೇಕೇ ಬೇಕಾದ್ದರಿಂದ ರಿಕ್ವಯರ್ಡ್ ಎಂದೂ ಬರೆದಿರುತ್ತಾರೆ. ಆದರೆ ರೀಡ್‌ಓನ್ಲಿ ಕಾಲಂ ಅನ್ನು ತಪಾಸಣೆಯಿಂದ ಹೊರಗಿಡಬೇಕೆಂಬುದು ಎಚ್‌ಟಿಎಂಎಲ್ ನಿಯಮಾವಳಿಯ ಆಜ್ಞೆ. ಬಳಕೆದಾರ ತಿದ್ದಲಾಗದ್ದನ್ನು ತುಂಬು ಎಂದು ಅವನನ್ನು ಪೀಡಿಸುವುದು ಅನ್ಯಾಯ ಎಂಬ ತರ್ಕ ಅದಕ್ಕಿದೆ. ಪರಿಣಾಮವಾಗಿ ಕೆಂಪು ನಕ್ಷತ್ರ ಇದ್ದಲ್ಲೇ ಇರುತ್ತದೆ, ದಿನಾಂಕ ಮಾತ್ರ ಖಾಲಿಯಾಗಿಯೇ ರವಾನೆಯಾಗುತ್ತದೆ. ಬ್ರೌಸರ್ ಚಕಾರವೆತ್ತುವುದಿಲ್ಲ. ವಯೋಮಿತಿ ಇರುವ ಹುದ್ದೆಗೋ ವೃದ್ಧಾಪ್ಯ ವೇತನಕ್ಕೋ ಹೀಗೆ ಅರ್ಜಿ ಹೋದರೆ ತಿರಸ್ಕಾರದ ಪತ್ರ ಬರುವವರೆಗೆ ಅರ್ಜಿದಾರರಿಗೆ ಸಂಗತಿಯೇ ತಿಳಿಯದು.

ಹಾಗಾದರೆ ಸರ್ವರ್ ಬದಿಯ ಜಾವಾ ಇದನ್ನು ಹಿಡಿಯಬೇಕಲ್ಲವೇ? ಹಿಡಿಯಬೇಕು, ನಿಜ. ಅಲ್ಲಿಯೂ ಸಂದಿಗೊಂದಿಗಳಿವೆ. ಕಾಲಂ ಕೋರಿಕೆಯಲ್ಲಿ ಇಲ್ಲದೇ ಇರುವುದು ಬೇರೆ, ಇದ್ದೂ ಖಾಲಿಯಾಗಿರುವುದು ಬೇರೆ. ಮೊದಲನೆಯದನ್ನು ಜಾವಾ 'ನಲ್' ಎನ್ನುತ್ತದೆ, ಎರಡನೆಯದು ಖಾಲಿ ಪದ. 2009ರಲ್ಲಿ ರೂಪುಗೊಂಡ ಬೀನ್ ವ್ಯಾಲಿಡೇಶನ್ ಎಂಬ ಮಾನದಂಡದಲ್ಲಿ ಕಡ್ಡಾಯವೆಂದು ಸೂಚಿಸಲು ಇದ್ದದ್ದು 'ನಾಟ್‌ನಲ್' ಒಂದೇ. ಅದು ಖಾಲಿ ಪದವನ್ನು ನಿಶ್ಚಿಂತೆಯಿಂದ ಒಳಗೆ ಬಿಡುತ್ತದೆ. ಖಾಲಿ ಪದ, ಬರೀ ಸ್ಪೇಸ್‌ಗಳನ್ನು ತಡೆಯುವ 'ನಾಟ್‌ಎಂಪ್ಟಿ', 'ನಾಟ್‌ಬ್ಲಾಂಕ್'ಗಳು ಮಾನದಂಡದೊಳಗೆ ಸೇರಿದ್ದು 2017ರಲ್ಲಿ, 2.0 ಆವೃತ್ತಿ ಬಂದಾಗ. ಅಕ್ಷರಗಳ ಮಿತಿ, ಅಂಕಿಗಳ ವಿನ್ಯಾಸ ಇತ್ಯಾದಿ ಇತರ ಬಹುತೇಕ ನಿಯಮಗಳು ನಲ್ ಕಂಡರೆ 'ಸರಿ' ಎಂದೇ ತೀರ್ಪು ಕೊಡುತ್ತವೆ. ಪಿನ್‌ಕೋಡ್ ಆರು ಅಂಕಿಗಳಿರಬೇಕೆಂದು ನಿಯಮ ಬರೆದು, ಕಡ್ಡಾಯವೆಂದು ಪ್ರತ್ಯೇಕವಾಗಿ ಹೇಳದಿದ್ದರೆ ಪಿನ್‌ಕೋಡ್ ಇಲ್ಲದ ಅರ್ಜಿಯೂ ಉತ್ತೀರ್ಣ!

ಜೆಎಸ್‌ಎಫ್ ಎಂಬ ಜಾವಾ ಚೌಕಟ್ಟಿನಲ್ಲಂತೂ ಕಡ್ಡಾಯ ಕಾಲಂ ಕೋರಿಕೆಯಲ್ಲೇ ಇಲ್ಲದಿದ್ದರೆ ತಪಾಸಣೆಯೇ ನಡೆಯದ ಸ್ಥಿತಿ ಇತ್ತು. ಕಾಲಂ ಖಾಲಿ ಬಿಟ್ಟವನಿಗೆ ತಡೆ, ಕಾಲಂ ಅನ್ನೇ ಕಿತ್ತು ಹಾಕಿದವನಿಗೆ ರಹದಾರಿ. ಇದನ್ನು ಸರಿಪಡಿಸುವ ಸೆಟ್ಟಿಂಗ್ ನಂತರದ ಆವೃತ್ತಿಯಲ್ಲಿ ಬಂದರೂ ಹಳೆಯ ತಂತ್ರಾಂಶಗಳು ಕೆಡದಿರಲೆಂದು ಅದನ್ನು ಆಯ್ಕೆಗೆ ಬಿಡಲಾಯಿತು. ಸ್ಟ್ರಟ್ಸ್ ಚೌಕಟ್ಟಿನ ಹಳೆಯ ಕಥೆಯೊಂದನ್ನೂ ಇಲ್ಲಿ ನೆನೆಯಬಹುದು. 1.2.9 ಆವೃತ್ತಿಗೆ ಮುಂಚಿನ ಸ್ಟ್ರಟ್ಸ್‌ನಲ್ಲಿ 'ರದ್ದು' ಗುಂಡಿ ಒತ್ತಿದರೆ ತಪಾಸಣೆ ನಡೆಯುತ್ತಿರಲಿಲ್ಲ. ರದ್ದು ಮಾಡುವವನಿಂದ ಕಾಲಂ ತುಂಬಿಸುವುದೇಕೆ ಎಂಬುದು ನ್ಯಾಯವೇ. ಆದರೆ ಪುಟದಲ್ಲಿ ಅಂತಹ ಗುಂಡಿ ಇಲ್ಲದಿದ್ದರೂ ಅದರ ಹೆಸರನ್ನು ಕೋರಿಕೆಗೆ ಸೇರಿಸಿ ಕಳುಹಿಸಬಹುದಿತ್ತು. ತಪಾಸಣೆ ಹಾರಿಹೋಗುತ್ತಿತ್ತು, ಅರ್ಜಿ ಮಾತ್ರ ಸ್ವೀಕೃತವಾಗುತ್ತಿತ್ತು. 2006ರಲ್ಲಿ ಇದನ್ನು ಮುಚ್ಚಲಾಯಿತು.

ಹೊಸ ಕಾಲದ ಸಂಕಟ ಸದ್ದಿಲ್ಲದ್ದು. ಜಾವಾದ ಉದ್ಯಮ ಆವೃತ್ತಿ ಎಕ್ಲಿಪ್ಸ್ ಪ್ರತಿಷ್ಠಾನದ ಕೈಗೆ ಹೋದ ಮೇಲೆ 'ಜಾವಾಎಕ್ಸ್' ಎಂಬ ಹೆಸರು 2020ರಲ್ಲಿ 'ಜಕಾರ್ತಾ' ಎಂದಾಯಿತು. ಸ್ಪ್ರಿಂಗ್ ಬೂಟ್ 2022ರ ನವೆಂಬರ್‌ನಲ್ಲಿ ತನ್ನ ಮೂರನೇ ಆವೃತ್ತಿಯೊಂದಿಗೆ ಇದಕ್ಕೆ ಒಗ್ಗಿಕೊಂಡಿತು. ಈ ಸ್ಥಳಾಂತರದ ವೇಳೆ ಹಳೆಯ ಹೆಸರಿನ ಗ್ರಂಥಾಲಯ ಎಲ್ಲೋ ಉಳಿದು, ತಪಾಸಣೆಯ ಸೂಚನೆಗಳೂ ಹಳೆಯ ಹೆಸರಿನಲ್ಲೇ ಉಳಿದರೆ ತಂತ್ರಾಂಶ ಎಂದಿನಂತೆ ಓಡುತ್ತದೆ, ಸೂಚನೆಗಳನ್ನು ಮಾತ್ರ ಯಾರೂ ಓದುವುದಿಲ್ಲ. ಬಾಗಿಲಲ್ಲಿ ಕಾವಲುಗಾರ ನಿಂತಿದ್ದಾನೆ, ಆದರೆ ಅವನ ನೌಕರಿ ಹೋಗಿ ತಿಂಗಳಾಗಿದೆ ಎಂಬಂತಹ ಸ್ಥಿತಿ. ಖಾಲಿ ಅರ್ಜಿಯನ್ನು ಬೇಕೆಂದೇ ಕಳುಹಿಸಿ ನೋಡುವ ಪರೀಕ್ಷೆ ಇಲ್ಲದ ಕಡೆ ಇದು ಪತ್ತೆಯಾಗುವುದು ದೂರು ಬಂದ ಮೇಲೆಯೇ.

ಕನ್ನಡದ ಹೆಸರಿಗೆ ತಡೆ

ತಪಾಸಣೆ ಸಡಿಲವಾದರೆ ಒಂದು ಬಗೆಯ ತೊಂದರೆ, ಬಿಗಿಯಾದರೆ ಇನ್ನೊಂದು. ಕನ್ನಡದಲ್ಲಿ ಅರ್ಜಿ ತುಂಬಲು ಹೊರಟವರು ಈ ಎರಡನೆಯದರ ಬಲಿಪಶುಗಳು. ಹೆಸರಿನ ಕಾಲಂನಲ್ಲಿ ಇಂಗ್ಲಿಷ್‌ನ ಎ ಯಿಂದ ಝಡ್ ವರೆಗಿನ ಅಕ್ಷರಗಳನ್ನಷ್ಟೇ ಒಪ್ಪುವ ನಿಯಮ ಬರೆದರೆ ಕನ್ನಡ ಹೊರಗುಳಿಯುವುದು ಸಹಜ. ಸ್ವಲ್ಪ ತಿಳಿದವರು 'ಜಗತ್ತಿನ ಯಾವುದೇ ಲಿಪಿಯ ಅಕ್ಷರ' ಎಂಬ ಯೂನಿಕೋಡ್ ವರ್ಗವನ್ನು ಬಳಸುತ್ತಾರೆ. ಆಗ 'ಕಮಲ' ಎಂಬ ಹೆಸರು ಒಳಗೆ ಹೋಗುತ್ತದೆ, 'ಗೀತಾ' ಹೊರಗೇ ಉಳಿಯುತ್ತಾಳೆ! ಕಾರಣ ಇಷ್ಟೆ: ಯೂನಿಕೋಡ್ ಪ್ರಕಾರ ಕ, ಮ, ಲ ಅಕ್ಷರಗಳು, ಆದರೆ ದೀರ್ಘ, ಗುಡಿಸು, ಕೊಂಬು, ಒತ್ತುಗಳನ್ನು ಕೂಡಿಸುವ ವಿರಾಮ ಚಿಹ್ನೆ ಮುಂತಾದವು 'ಗುರುತು' ಎಂಬ ಬೇರೆ ವರ್ಗಕ್ಕೆ ಸೇರಿವೆ. ಎರಡನ್ನೂ ಒಪ್ಪುವಂತೆ ಬರೆದರೂ 'ರಾಜ್‌ಕುಮಾರ್' ಎಂದು ಸರಿಯಾಗಿ ಬರೆಯಲು ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಬೇರ್ಪಡಿಸುವ ಚಿಹ್ನೆಯೊಂದು ಬೇಕು. ಅದು ಮೂರನೆಯ ವರ್ಗದ್ದು. ವಿಪರ್ಯಾಸವೆಂದರೆ ಅದೇ ಕಾಣದ ಚಿಹ್ನೆಯೊಂದನ್ನೇ ಟೈಪ್ ಮಾಡಿ ಕಳುಹಿಸಿದರೆ 'ನಾಟ್‌ಬ್ಲಾಂಕ್' ಅದನ್ನು ಭರ್ತಿಯಾದ ಕಾಲಂ ಎಂದೇ ಪರಿಗಣಿಸುತ್ತದೆ. ಪೂರ್ಣ ಹೆಸರಿಗೆ ಪ್ರವೇಶವಿಲ್ಲ, ಶೂನ್ಯಕ್ಕೆ ಸ್ವಾಗತ.

ಉಪನಾಮದ ಗೋಳು ಇನ್ನೊಂದು. ಹಳೆ ಮೈಸೂರು ಭಾಗದ ಅನೇಕರ ಹೆಸರಿನ ಮುಂದೆ ಇರುವುದು ಊರು, ತಂದೆಯ ಹೆಸರಿನ ಇನಿಶಿಯಲ್‌ಗಳು. 'ಲಾಸ್ಟ್ ನೇಮ್' ಕಡ್ಡಾಯವೆಂದು ತಾಣ ಹಟ ಹಿಡಿದರೆ ಕೆಲವರು ಹೆಸರನ್ನೇ ಎರಡು ಬಾರಿ ಬರೆಯುತ್ತಾರೆ, ಕೆಲವರು ಚುಕ್ಕೆ ಇಡುತ್ತಾರೆ. ಆ ಚುಕ್ಕೆ ಒಂದು ದಾಖಲೆಯಲ್ಲಿದ್ದು ಮತ್ತೊಂದರಲ್ಲಿ ಇಲ್ಲದಾಗ 'ಹೆಸರು ಹೊಂದಾಣಿಕೆಯಾಗುತ್ತಿಲ್ಲ' ಎಂಬ ಉತ್ತರ ಸಿದ್ಧ. ಅಮೆರಿಕದ ವೀಸಾಗಳಲ್ಲಿ ಒಂದೇ ಹೆಸರಿನವರಿಗೆ 'ಎಫ್‌ಎನ್‌ಯು', ಅಂದರೆ ಮೊದಲ ಹೆಸರು ತಿಳಿದಿಲ್ಲ ಎಂದು ಅಚ್ಚಾಗುತ್ತದೆ. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿರುವವರಿಗೆ ಸಂದರ್ಶಕ ಹಾಗೂ ಪ್ರವಾಸಿ ವೀಸಾದಡಿ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರ್‌ನಲ್ಲಿ ಪ್ರಕಟಿಸಿದಾಗ ಕರಾವಳಿಯ ಎಷ್ಟೋ ಮನೆಗಳಲ್ಲಿ ಪಾಸ್‌ಪೋರ್ಟ್ ತೆಗೆದು ನೋಡುವಂತಾಗಿರಬೇಕು. ತಂದೆಯ ಅಥವಾ ಕುಟುಂಬದ ಹೆಸರು ಎರಡನೆಯ ಪುಟದಲ್ಲಿದ್ದರೆ ಸಾಕೆಂಬ ಸ್ಪಷ್ಟನೆ ನಂತರ ಹೊರಬಿತ್ತು.

ಯಾರು ಹೇಳಿದ ಕಡ್ಡಾಯ?

ಇಷ್ಟಕ್ಕೂ ಒಂದು ಕಾಲಂ ಕಡ್ಡಾಯ ಎಂದು ತೀರ್ಮಾನಿಸುವವರು ಯಾರು? ನಿಯಮಾವಳಿ ಎಂಬುದು ನಿರೀಕ್ಷಿತ ಉತ್ತರ. ಎಷ್ಟೋ ವೇಳೆ ಅದು ಸಂಜೆಯೊಳಗೆ ಪುಟ ಮುಗಿಸಬೇಕಾದ ಪ್ರೋಗ್ರಾಮರ್‌ನ ಊಹೆ. ಅಂಗಡಿಯ ಬಿಲ್ಲಿಂಗ್ ಕೌಂಟರ್‌ನಲ್ಲಿ ಮೊಬೈಲ್ ಸಂಖ್ಯೆ ಕೊಡದಿದ್ದರೆ ಬಿಲ್ ಬರುವುದೇ ಇಲ್ಲ ಎಂಬ ದೂರುಗಳು ಹೆಚ್ಚಿದಾಗ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ವ್ಯಾಪಾರಿಗಳಿಗೆ ಸೂಚನೆ ನೀಡಬೇಕಾಯಿತು. ಸಂಖ್ಯೆಗಾಗಿ ಒತ್ತಾಯಿಸುವುದು ಗ್ರಾಹಕ ರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ ಎಂಬುದು ಇಲಾಖೆಯ ನಿಲುವು. ಕೌಂಟರ್‌ನಲ್ಲಿ ನಿಂತ ಹುಡುಗನ ಮೇಲೆ ರೇಗಿ ಪ್ರಯೋಜನವಿಲ್ಲ. ಅವನ ಪರದೆಯ ಮೇಲೆ ನಕ್ಷತ್ರ ಇಟ್ಟವನು ಬೇರೆಲ್ಲೋ ಇದ್ದಾನೆ.

ಆಧಾರ್ ಕುರಿತು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ನೀಡಿದ ತೀರ್ಪಿನ ಬಳಿಕವೂ ಇದೇ ಆಯಿತು. ಖಾಸಗಿ ಸಂಸ್ಥೆಗಳು ಆಧಾರ್ ಕೇಳಲು ಆಸ್ಪದವಿದ್ದ ಭಾಗವನ್ನು ನ್ಯಾಯಾಲಯ ರದ್ದುಪಡಿಸಿತು. ಆದರೆ ನ್ಯಾಯಾಲಯದ ಆದೇಶದಿಂದ ಪರದೆಯ ಮೇಲಿನ ನಕ್ಷತ್ರ ತಾನಾಗಿ ಉದುರುವುದಿಲ್ಲ. ಅದಕ್ಕೆ ಯಾರಾದರೂ ಕುಳಿತು ಒಂದು ಸಾಲು ಅಳಿಸಬೇಕು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಎರಡೂ ಕಾಲಂಗಳಿಗೆ ಕಾನೂನಿನ ತೂಕ ತಂದಿದೆ. ಸಮ್ಮತಿಯು ನಿರ್ದಿಷ್ಟ ಉದ್ದೇಶಕ್ಕೆ ಅಗತ್ಯವಾದ ಮಾಹಿತಿಗೆ ಮಾತ್ರ ಸೀಮಿತ ಎನ್ನುತ್ತದೆ ಅದರ 6ನೇ ಕಲಂ. ಕಾಯ್ದೆಯೇ ಕೊಡುವ ಉದಾಹರಣೆಯಂತೆ, ದೂರವೈದ್ಯ ಸೇವೆಯ ಆಪ್ ಒಂದು ಮೊಬೈಲ್‌ನಲ್ಲಿರುವ ಸಂಪರ್ಕಗಳ ಪಟ್ಟಿಗೂ ಸಮ್ಮತಿ ಕೇಳಿ ಬಳಕೆದಾರರು ಒಪ್ಪಿದರೂ, ಸೇವೆಗೆ ಬೇಡವಾದ ಆ ಭಾಗಕ್ಕೆ ಸಮ್ಮತಿ ದೊರೆತಂತಾಗುವುದಿಲ್ಲ. ಬೇಡದ ಕಾಲಂಗೆ ನಕ್ಷತ್ರ ಹಚ್ಚುವ ಚಾಳಿಗೆ ಇದು ನೇರವಾಗಿ ತಾಗುತ್ತದೆ. ಮಾಹಿತಿ ಕಾಪಾಡಲು ಸೂಕ್ತ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು. ಪ್ಯಾನ್ ಬದಲಿಸಿದರೆ ಬೇರೊಬ್ಬರ ಮಾಹಿತಿ ಬೀಳುವಂತಹ ಲೋಪ 'ಸೂಕ್ತ ಕ್ರಮ'ದ ವ್ಯಾಖ್ಯಾನದೊಳಗೆ ಹೇಗೂ ನಿಲ್ಲಲಾರದು.

ಸರ್ಕಾರಿ ತಾಣಗಳು ಜನಬಳಕೆಗೆ ಬರುವ ಮುನ್ನ ಸರ್ಟ್-ಇನ್ ಮಾನ್ಯತೆ ಪಡೆದ ಸಂಸ್ಥೆಗಳಿಂದ ಭದ್ರತಾ ತಪಾಸಣೆಗೆ ಒಳಗಾಗಬೇಕೆಂಬ ನಿಯಮ ಇದೆ. ಆದರೆ ಸಿದ್ಧ ಉಪಕರಣಗಳನ್ನು ಓಡಿಸಿ ವರದಿ ತೆಗೆಯುವ ತಪಾಸಣೆಗೆ ಪರಿಚಿತ ದೋಷಗಳು ಸಿಗುತ್ತವೆಯೇ ಹೊರತು ಇಂತಹವು ಸುಲಭಕ್ಕೆ ಸಿಗುವುದಿಲ್ಲ. ಪ್ಯಾನ್ ಸಂಖ್ಯೆ ಬದಲಾಯಿಸಿದಾಗ ಬಂದ ಉತ್ತರ ಉಪಕರಣದ ಕಣ್ಣಿಗೆ ಯಶಸ್ವಿ ಉತ್ತರವೇ. ಅದು ತಪ್ಪು ಮನುಷ್ಯನ ಉತ್ತರ ಎಂದು ಗುರುತಿಸಲು ಅರ್ಜಿಯ ಉದ್ದೇಶ ಬಲ್ಲ ಮನುಷ್ಯನೇ ಬೇಕು. ಎರಡು ಖಾತೆ ತೆರೆದು, ಒಂದರಲ್ಲಿ ನಿಂತು ಇನ್ನೊಂದರ ಸಂಖ್ಯೆ ಕಳುಹಿಸಿ ನೋಡುವ ಹದಿನೈದು ನಿಮಿಷದ ಕೆಲಸವದು. ಟೆಂಡರ್ ಷರತ್ತುಗಳಲ್ಲಿ ಇಂತಹ ಪರೀಕ್ಷೆಯನ್ನು ಹೆಸರು ಹಿಡಿದು ಬರೆಯುವುದಕ್ಕೆ ದೊಡ್ಡ ವೆಚ್ಚವೇನೂ ತಗಲುವುದಿಲ್ಲ.

ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚಿತಗೊಂಡಿದ್ದು, ಸಂಸ್ಥೆಗಳ ಮೇಲಿನ ಮುಖ್ಯ ಹೊಣೆಗಾರಿಕೆಗಳು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳಲ್ಲಿ ಜಾರಿಗೆ ಬರುವಂತೆ ವೇಳಾಪಟ್ಟಿ ನಿಗದಿಯಾಗಿದೆ. ಅಲ್ಲಿಯವರೆಗೆ ಪರಿಹಾರ ಕೇಳಲು ಇರುವ ಆಸರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ. ಅದು ಕಂಪನಿಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಅನ್ವಯಿಸುತ್ತದೆ. ಸರ್ಕಾರಿ ಇಲಾಖೆಗಳು ಅದರ ವ್ಯಾಪ್ತಿಯಲ್ಲಿಲ್ಲ.